ದಸರೆಯ ಮೊದಲ ಇರುಳು

ನವರಾತ್ರಿಯ ಪ್ರಥಮ ದಿನದಂದು ಚಾಮುಂಡಿಬೆಟ್ಟದ ಮೇಲೆ ದೇವಿಗೆ ಪುಷ್ಪಾರ್ಚನೆಯಾಗಿ, ಸಂಜೆ ಮೈಸೂರು ಅರಮನೆಯ ಮುಂದಣ ವೇದಿಕೆಯಲ್ಲಿ ಸಂಗೀತವು ಆರಂಭವಾಗುವುದೆಂಬುದು ನಾಡಿಗೆಲ್ಲ ವಿದಿತವಾದ ಸಂಗತಿ. ಆದರೆ ಆ ಉತ್ಸವದ ಗುಣದೋಷಗಳ ಅಂತಿಮ ವಿಚಾರಣೆಯು ಮರುದಿನ ಯಳಂದೂರಿನಲ್ಲಿ, ಗೌರೀಶ್ವರ ದೇವಾಲಯದ ಬಳೇಮಂಟಪದ ನೆರಳಿನಲ್ಲಿ ನಡೆಯುವುದೆಂಬುದನ್ನು ಮಾತ್ರ ಯಾವ ಪತ್ರಿಕೆಯೂ ಇದುವರೆಗೆ ಗಮನಿಸಿದಂತಿಲ್ಲ.

ಅರಮನೆಯ ಲಕ್ಷಕ್ಕೆ ಸಮೀಪವಾದ ದೀಪಗಳು ಒಮ್ಮೆಗೇ ಹೊತ್ತಿಕೊಂಡಾಗ ತಮ್ಮ ಜನ್ಮವೇ ಸಾರ್ಥಕವಾಯಿತೆಂದು ನಿವೃತ್ತ ಮೇಷ್ಟರು ಗದ್ಗದಕಂಠದಿಂದ ನುಡಿಯುತ್ತಿರಲು, ಅಂಗಡಿಯ ಶೆಟ್ಟರು ನಡುವೆಯೇ ತಡೆದು, “ಅದೆಲ್ಲ ಸರಿ ಮೇಷ್ಟ್ರೇ, ಕರೆಂಟು ಬಿಲ್ಲು ಕಟ್ಟೋರು ಯಾರು?” ಎಂದರು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಊರಿದು. ಲೆಕ್ಕಪತ್ರದಲ್ಲಿ ಆ ಮಹನೀಯರಿಗಿದ್ದ ಬಿಗಿ ಇಲ್ಲಿಯ ಗಾಳಿಯಲ್ಲಿ ಇನ್ನೂ ಉಳಿದಿರಬೇಕೆಂದು ನನ್ನ ಗುಮಾನಿ.

ಗಾಯನದ ವಿಷಯದಲ್ಲಂತೂ ಒಮ್ಮತವು ಅಸಾಧ್ಯವಾಯಿತು. ಮುಂದಿನ ಸಾಲಿನಲ್ಲಿ ಆಸೀನರಾಗಿದ್ದವರಿಗೆ ಅದು ಗಂಧರ್ವಗಾನ. ಹಿಂದೆ ನಿಂತವರಿಗೆ ಕೇಳಿಸಿದ್ದು ಮಕ್ಕಳ ಪೀಪಿ. ಪಾಸು ದೊರೆಯದವರ ವಿಮರ್ಶೆಯು ಸಹಜವಾಗಿಯೇ ಹೆಚ್ಚು ಶಾಸ್ತ್ರೀಯವಾಗಿತ್ತು: ಸಂಗೀತವೆಂಬುದು ವೀಣೆ ಶೇಷಣ್ಣನವರೊಡನೆಯೇ ಮುಗಿಯಿತೆಂದು, 1926ರಲ್ಲಿ ಗತಿಸಿದ ಆ ವೈಣಿಕರ ವಾದನವನ್ನು ಕೇಳುವ ಯೋಗವೇ ಇಲ್ಲದ ತರುಣನೊಬ್ಬನು ದೀರ್ಘವಾಗಿ ನಿಟ್ಟುಸಿರುಬಿಟ್ಟನು.

ಬಸ್ಸಿನ ನೂಕುನುಗ್ಗಲು, ಚಪ್ಪಲಿ ಕಳೆದದ್ದು ಇತ್ಯಾದಿಗಳೂ ಬಳಿಕ ವಿಚಾರಣೆಗೆ ಬಂದವು.

ಈ ವಾಗ್ವಾದವನ್ನೆಲ್ಲ ಬಾಯಿಯಲ್ಲಿ ಎಲೆಯಡಿಕೆಯಿಟ್ಟುಕೊಂಡು ಮೌನವಾಗಿ ಆಲಿಸುತ್ತಿದ್ದ ಅಜ್ಜಿಯೊಬ್ಬರು, “ಅಲ್ಲ ಕಣ್ರಪ್ಪಾ, ಇಷ್ಟು ಜನ ಹೋಗಿದ್ರಲ್ಲ, ಒಬ್ಬರಾದ್ರೂ ಮೈಸೂರುಪಾಕು ತಂದ್ರಾ?” ಎಂದು ವಿಚಾರಿಸಿದಾಗ, ಅಲ್ಲಿ ನೆರೆದಿದ್ದ ಸಮಸ್ತರೂ ಏಕಾಭಿಪ್ರಾಯದಿಂದ ತಲೆ ತಗ್ಗಿಸಿದರು.