ಗ್ಯಾರೇಜಿಗೆ ಬಂದ ಎಕ್ಸೆಲ್ಲು

ನಮ್ಮ ಬೆಂಗಳೂರಿನ ಬೀದಿಯ ಟೂ ವೀಲರ್ ಗ್ಯಾರೇಜಿಗೆ ಲ್ಯಾಪ್‌ಟಾಪ್ ಬಂದಿದೆ. ಗ್ರೀಸ್ ಮೆತ್ತದಿರಲಿ ಅಂತ ಅದಕ್ಕೊಂದು ಪ್ಲಾಸ್ಟಿಕ್ ಕವರು, ಕವರಿನ ಹಿಂದೆ ಓನರ್ ಮಗ. ಬಿಕಾಂ ಮುಗಿಸಿದ ಹುಡುಗ, ಚುರುಕು, ಅದರಲ್ಲಿ ತಕರಾರಿಲ್ಲ. ಬಂದವನೇ ಎರಡು ಕೆಲಸ ಹಿಡಿದ. ಮುಂದಿನ ತಿಂಗಳು ಎಷ್ಟು ದುಡ್ಡು ಬರುತ್ತೆ ಅಂತ ಮೊದಲೇ ಹೇಳೋದು. ಯಾವ ಮೆಕ್ಯಾನಿಕ್ ಎಷ್ಟು ದುಡೀತಾನೆ ಅಂತ ಅಳೆಯೋದು. ಮೊದಲನೆಯದು ಜ್ಯೋತಿಷ್ಯ, ಎರಡನೆಯದು ಜಗಳ.

ಜ್ಯೋತಿಷ್ಯದ ಲೆಕ್ಕವೇನೋ ಸಲೀಸು. ದಿನಕ್ಕೆ 12 ಗಾಡಿ, ಗಾಡಿಗೆ 900 ರೂಪಾಯಿ ಬಿಲ್ಲು, ತಿಂಗಳಲ್ಲಿ 26 ದಿನ ಷಟರ್ ಎತ್ತಿದರೆ 2,80,800. ಅದರ ಮೇಲೆ, ಹೋದ ವರ್ಷ ಇದೇ ತಿಂಗಳು ಎಷ್ಟಾಗಿತ್ತು ನೋಡು, ಒಂದಿಷ್ಟು ಏರಿಸು, ಮುಗೀತು. 2025ರ ಅಕ್ಟೋಬರಿಗೆ ಹುಡುಗ ಹೀಗೇ ಏರಿಸಿಟ್ಟ. 2024ರಲ್ಲಿ ಆಯುಧಪೂಜೆ ಬಿದ್ದದ್ದು ಅಕ್ಟೋಬರ್ 11ಕ್ಕೆ. ವರ್ಷವಿಡೀ ಗಾಡಿಗೆ ನೀರು ತೋರಿಸದವರೂ ಹಬ್ಬದ ಹಿಂದಿನ ವಾರ ಸರ್ವಿಸ್, ವಾಷಿಂಗ್, ಪಾಲಿಶ್ ಅಂತ ಕ್ಯೂ ನಿಂತಿದ್ದರು. 2025ರಲ್ಲಿ ಹಬ್ಬ ಅಕ್ಟೋಬರ್ 1ಕ್ಕೇ ಬಂತು. ನೂಕುನುಗ್ಗಲೆಲ್ಲ ಸೆಪ್ಟೆಂಬರಿಗೆ ಹೋಯಿತು. ಅಕ್ಟೋಬರಿನ ಪಾಲಿಗೆ ಉಳಿದವರು, ರಸ್ತೆ ಮೇಲೆ ಒಡೆದ ಬೂದುಗುಂಬಳಕಾಯಿ ಮೇಲೆ ಜಾರಿ ಹ್ಯಾಂಡಲ್ ಸೊಟ್ಟ ಮಾಡಿಕೊಂಡ ಒಂದಿಬ್ಬರು ಪುಣ್ಯಾತ್ಮರು.

"ಲೋ, ಗೋಡೆ ಮೇಲೆ ಪಂಚಾಂಗದ ಕ್ಯಾಲೆಂಡರ್ ಯಾಕೆ ಹಾಕಿದೀನಿ?" ಅಂದರು ಅಪ್ಪ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಹಬ್ಬ ಮತ್ತೆ ಅಕ್ಟೋಬರ್ ಮಧ್ಯ ದಾಟುತ್ತದೆ ಅಂತಲೂ ಬೆರಳಲ್ಲೇ ಎಣಿಸಿ ಹೇಳಿದರು. ಹಾಗಂತ ಅವರನ್ನು ತ್ರಿಕಾಲಜ್ಞಾನಿ ಅಂದುಕೊಳ್ಳಬೇಡಿ. ಈ ಸಲ ಮಳೆ ಜೋರು, ಬ್ರೇಕ್ ಶೂ ಬೇಜಾನ್ ಹೋಗುತ್ತೆ ಅಂತ ಯಾವುದೋ ವರ್ಷ ತರಿಸಿದ ಪೆಟ್ಟಿಗೆಗಳು ಇನ್ನೂ ಅಟ್ಟದ ಮೇಲೆ ತಪಸ್ಸು ಮಾಡುತ್ತಿವೆ. ಅದರ ಬಗ್ಗೆ ಮಗ ಕೇಳುವಂತಿಲ್ಲ.

ಇನ್ನು ಜಗಳಕ್ಕೆ ಬರೋಣ. ದೊಡ್ಡ ವರ್ಕ್‌ಶಾಪುಗಳಲ್ಲಿ ಪ್ರತಿ ಕೆಲಸಕ್ಕೂ ಇಷ್ಟು ಗಂಟೆ ಅಂತ ಕಟ್ಟಿಟ್ಟಿರುತ್ತಾರೆ. ಒಬ್ಬ ಎಂಟು ಗಂಟೆ ಹಾಜರಿದ್ದು, ಅದರಲ್ಲಿ ಆರು ಗಂಟೆ ಗಾಡಿ ಮೇಲೆ ಕೈಯಿಟ್ಟು, ಏಳೂವರೆ ಗಂಟೆಯ ಲೇಬರ್ ಬಿಲ್ ಆಗುವಷ್ಟು ಮುಗಿಸಿದ ಅನ್ನಿ. ಕೈ ಚುರುಕು 125 ಪರ್ಸೆಂಟು, ಆದರೆ ಹಾಜರಿಯಲ್ಲಿ 25 ಪರ್ಸೆಂಟ್ ಸುಮ್ಮನೆ ಕೂತ. ಇದನ್ನೆಲ್ಲ ಕಲಿತುಬಂದ ಹುಡುಗ, "ಆ ಎರಡು ಗಂಟೆ ಏನ್ಮಾಡ್ದೆ?" ಅಂತ ಮೆಕ್ಯಾನಿಕ್ಕನ್ನು ಹಿಡಿದ. "ಜೆಸಿ ರೋಡಿಂದ ಕ್ಲಚ್ ಪ್ಲೇಟ್ ಬರ್ಲಿಲ್ಲ ಅಣ್ಣ, ಕಾಯ್ತಿದ್ದೆ." ಯಾಕೆ ಬರಲಿಲ್ಲ? ಸ್ಪೇರ್ಸ್ ಅಂಗಡಿಯ ಹಳೇ ಬಾಕಿ ತೀರಿರಲಿಲ್ಲ. ತೀರಿಸಬೇಕಾದವರು ಗಲ್ಲಾಪೆಟ್ಟಿಗೆ ಮುಂದೆ ಕೂತು ಪೇಪರ್ ಓದುತ್ತಿದ್ದರು. ಶೀಟಿನಲ್ಲಿ ಕೆಂಪು ಬಣ್ಣ ಬಿದ್ದದ್ದು ಮಾತ್ರ ಮೆಕ್ಯಾನಿಕ್ ಹೆಸರಿನ ಮುಂದೆ.

ಅದಕ್ಕಿಂತ ಮಜಾ ಹಿರಿಯ ಮೆಕ್ಯಾನಿಕ್ಕಿನ ಕಥೆ. ಗ್ಯಾರೇಜಿನಲ್ಲಿ ಯಾರಿಗೂ ಬಗೆಹರಿಯದ ಗಾಡಿ ಹೋಗುವುದು ಅವರ ಹತ್ತಿರ. ಬೆಳಗ್ಗೆ ಮೊದಲ ಕಿಕ್ಕಿಗೆ ಮಾತ್ರ ಕಟಕಟ ಅನ್ನುವುದು, ಮಳೆ ಬಂದಾಗ ಮಾತ್ರ ಹೆಡ್‌ಲೈಟ್ ಆರುವುದು, ಇಂಥವು. ಗಿರಾಕಿ ಎದುರಿಗಿದ್ದಾಗ ಗಾಡಿ ಸಾಧು ಹಸುವಿನ ಹಾಗೆ ನಿಂತಿರುತ್ತದೆ. ಅವರು ಸೀಟ್ ಬಿಚ್ಚಿ, ಟ್ಯಾಂಕ್ ಇಳಿಸಿ, ವೈರಿಂಗಿನ ಒಂದೊಂದೇ ಎಳೆ ಬೆರಳಲ್ಲಿ ಸವರುತ್ತ ಬಂದು, ಫ್ರೇಮಿಗೆ ಉಜ್ಜಿ ಸಿಪ್ಪೆ ಸುಲಿದ ಜಾಗ ಹುಡುಕಿ ಟೇಪ್ ಸುತ್ತುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ. ಬಿಲ್ಲು? 150 ರೂಪಾಯಿ, ಅದಕ್ಕೂ "ಬರೀ ಟೇಪಿಗಾ?" ಅಂತ ಚೌಕಾಸಿ. ಅಷ್ಟರಲ್ಲಿ ಪಕ್ಕದ ಹುಡುಗ ಮೆಕ್ಯಾನಿಕ್ ನಾಲ್ಕು ಆಯಿಲ್ ಚೇಂಜ್ ಮುಗಿಸಿ ಶೀಟಿನ ಲೀಡರ್‌ಬೋರ್ಡಿನ ತುದಿಗೇರಿದ್ದ. ವಾರ ಕಳೆಯುವಷ್ಟರಲ್ಲಿ ಎಲ್ಲರಿಗೂ ಜನರಲ್ ಸರ್ವಿಸ್ ಗಾಡಿಯ ಮೇಲೇ ಪ್ರೀತಿ. ಕಟಕಟ ಅನ್ನುವ ಗಾಡಿ ಗೇಟಿಗೆ ಬಂದರೆ ಒಬ್ಬ ಟೀಗೆ, ಇನ್ನೊಬ್ಬ ಟ್ರಯಲ್‌ಗೆ.

ಸರಿ, ರಿಪೇರಿಯಾಗಿ ವಾಪಸ್ ಬಂದ ಗಾಡಿಗಳನ್ನು ಎಣಿಸಿದರೆ? ಹುಡುಗನ ಅತ್ಯುತ್ತಮ ಐಡಿಯಾ ಇದೇ, ನನ್ನ ಓಟೂ ಇದಕ್ಕೇ. ಲೀಡರ್‌ಬೋರ್ಡಿನ ವೀರನ ಗಾಡಿಗಳು ವಾರದೊಳಗೆ ಆಯಿಲ್ ಸೋರಿಸುತ್ತ ತವರಿಗೆ ಬರುತ್ತಿದ್ದದ್ದು ಆಗಲೇ ಗೊತ್ತಾದದ್ದು. ಆಮೇಲೆ ವೀರನೂ ಕಲಿತ. ವಾಪಸ್ ಬಂದ ಗಾಡಿಗೆ ಜಾಬ್ ಕಾರ್ಡ್ ಹರಿಯದೆ, ಫುಟ್‌ಪಾತಿನಲ್ಲೇ ಬೋಲ್ಟ್ ಬಿಗಿದು "ಹೋಗಿ ಸಾರ್, ದುಡ್ಡು ಬೇಡ" ಅನ್ನತೊಡಗಿದ. ಗಿರಾಕಿಗೆ ಅವನು ದೇವರಂಥ ಮನುಷ್ಯ.

ಇದು ಬರೀ ನಮ್ಮ ಬೀದಿಯ ಬುದ್ಧಿ ಅಲ್ಲ ಸ್ವಾಮಿ. ಅಮೆರಿಕದ ಸಿಯರ್ಸ್ ಕಂಪನಿ ತನ್ನ ಕಾರು ರಿಪೇರಿ ಕೇಂದ್ರಗಳ ಸಿಬ್ಬಂದಿಗೆ ಇಷ್ಟು ಬ್ರೇಕು, ಇಷ್ಟು ಅಲೈನ್‌ಮೆಂಟ್ ಮಾರಲೇಬೇಕು ಅಂತ ಕೋಟಾ, ಅದರ ಮೇಲೆ ಕಮಿಷನ್ ಇಟ್ಟಿತ್ತು. ಕ್ಯಾಲಿಫೋರ್ನಿಯಾ ಸರ್ಕಾರದವರು ಗಿರಾಕಿಗಳ ವೇಷದಲ್ಲಿ ಹೋಗಿ ನೋಡಿದರೆ, ಹತ್ತಕ್ಕೆ ಒಂಬತ್ತರ ಹತ್ತಿರ ಸಲ ಬೇಡದ ರಿಪೇರಿ ತಗುಲಿಸಿದ್ದರು ಅನ್ನುವುದು 1992ರಲ್ಲಿ ಬಂದ ಆರೋಪ. ಕಂಪನಿ ಕಮಿಷನ್ ಪದ್ಧತಿ ಕೈಬಿಟ್ಟಿತು. ಯಾವುದಕ್ಕೆ ದುಡ್ಡು ಕಟ್ಟುತ್ತೀರೋ ಅದೇ ಕೆಡುತ್ತದೆ, ಕೆಡದಿದ್ದರೆ ಕೆಡಿಸುತ್ತಾರೆ!

ಈಗ ಶೀಟಿನಲ್ಲಿ ಹಿರಿಯರಿಗೆ ಬೇರೆ ಕಾಲಂ ಇದೆ. ಕಷ್ಟದ ಗಾಡಿಯ ಒಂದು ಗಂಟೆಗೆ ಎರಡು ಗಂಟೆಯ ಲೆಕ್ಕ. ಹುಡುಗರೆಲ್ಲ ತಮ್ಮ ಗಾಡಿಯೂ ಕಷ್ಟದ್ದೇ ಅಂತ ವಾದಕ್ಕೆ ನಿಂತಿದ್ದಾರೆ. ಪಂಕ್ಚರ್ ಹಾಕುವವನೂ ಅರ್ಜಿ ಹಾಕಿದ್ದಾನೆ. ನಾನೂ ಗಿರಾಕಿಗಳ ಪರವಾಗಿ ಒಂದು ಕಾಲಂ ಸೂಚಿಸಿದೆ: ಸಂಜೆ ಆರಕ್ಕೆ ಬನ್ನಿ ಅಂದ ಗಾಡಿಗಳಲ್ಲಿ ಎಷ್ಟು ಆರಕ್ಕೆ ಸಿಕ್ಕವು? ಹುಡುಗನ ಕಣ್ಣು ಅರಳಿತು, ಕೀ ಒತ್ತಲು ಹೊರಟ. ಆದರೆ "ಆರಕ್ಕೆ ಬನ್ನಿ" ಅನ್ನುವ ಬಾಯಿ ಇಡೀ ಗ್ಯಾರೇಜಿನಲ್ಲಿ ಒಂದೇ. ಅಪ್ಪ ಪೇಪರ್ ಮಡಚಿಟ್ಟು, "ಚಾರ್ಜ್ ಕಮ್ಮಿ ಇದೆ, ಮೊದ್ಲು ಅದನ್ನ ಆಫ್ ಮಾಡು" ಅಂದರು.