ಜನವಿಲ್ಲದ ದ್ವೀಪದಲ್ಲಿ ಸೀಟಿಲ್ಲ

(ಬಾರ್ಬಡೋಸ್‌ನ ರಾಜಧಾನಿ ಬ್ರಿಡ್ಜ್‌ಟೌನ್. ದಕ್ಷಿಣ ಕರಾವಳಿಯ ಓಯ್ಸ್ಟಿನ್ಸ್ ಕಡೆ ಹೊರಟ ಜೆಡ್‌ಆರ್ ಎಂಬ ಸಾರಿಗೆ ವ್ಯಾನಿನ ಹಿಂದಿನ ಸೀಟು. ಕಿಟಕಿ ಪಕ್ಕ ಸುಮಾ, ನಡುವೆ ಶ್ರೀಕಂಠಯ್ಯ, ಆ ಕಡೆ ತರಕಾರಿ ಬುಟ್ಟಿಯ ಸಮೇತ ಒಬ್ಬ ಅಜ್ಜಿ. ಸ್ಪೀಕರ್ ಶ್ರೀಕಂಠಯ್ಯನವರ ಕಿವಿಗೆ ಆನಿಕೊಂಡಂತಿದೆ.)

ಶ್ರೀಕಂಠಯ್ಯ: ಏನೇ ಸುಮಾ, ಇಡೀ ದೇಶಕ್ಕೆ ಮೂರು ಲಕ್ಷ ಜನಾನೂ ಇಲ್ಲ! ನಮ್ಮ ತುಮಕೂರು ಒಂದೇ ಇದಕ್ಕಿಂತ ದೊಡ್ಡದು. ನಾನು ಮೊಬೈಲಲ್ಲಿ ನೋಡಿದ ವಿಡಿಯೊದಲ್ಲಿ ಹೇಳಿದ್ದು ಅಕ್ಷರಶಃ ನಿಜ. ಜನ ಕಡಿಮೆ, ಸುಖ ಹೆಚ್ಚು.

ಸುಮಾ: ಮಾವ, ಸ್ವಲ್ಪ ಸರೀರಿ. ಇನ್ನಿಬ್ಬರು ಹತ್ತುತ್ತಿದಾರೆ.

ಶ್ರೀಕಂಠಯ್ಯ: ಎಲ್ಲಿಗೆ ಸರೀಲಿ? ಒಂದು ತೊಡೆ ಸೀಟಿನ ಮೇಲಿದೆ, ಇನ್ನೊಂದು ಈ ಅಜ್ಜಿಯ ಗೆಣಸಿನ ಮೇಲಿದೆ. ಇರಲಿ, ನಾನು ಹೇಳ್ತಿದ್ದೆ. ನಮ್ಮ ದೇಶದ ಯಾವ ಸಮಸ್ಯೆ ಬೇಕಾದ್ರೂ ತಗೋ, ಮೂಲ ಒಂದೇ. ಜನಸಂಖ್ಯೆ!

ಸುಮಾ: ರಸ್ತೆ ಗುಂಡಿ?

ಶ್ರೀಕಂಠಯ್ಯ: ಜನಸಂಖ್ಯೆ. ಅಷ್ಟು ಜನ ಓಡಾಡಿದ್ರೆ ಗುಂಡಿ ಬೀಳದೆ ಇರತ್ತಾ?

ಸುಮಾ: ನೀವು ಇಂಜಿನಿಯರಾಗಿದ್ದಾಗ ಕಟ್ಟಿಸಿದ ಸೇತುವೆ ಉದ್ಘಾಟನೆಗೆ ಮುಂಚೇನೇ ಬಿರುಕು ಬಿಟ್ಟಿತ್ತಲ್ಲ. ಅದರ ಮೇಲೆ ಒಂದು ನಾಯಿ ಕೂಡ ಓಡಾಡಿರಲಿಲ್ಲ.

ಶ್ರೀಕಂಠಯ್ಯ: ಉದ್ಘಾಟನೆಗೆ ಜನ ಬರ್ತಾರೆ ಅನ್ನೋ ಒತ್ತಡ ಇತ್ತು.

ಸುಮಾ: ಸೇತುವೆಗಾ?

ಶ್ರೀಕಂಠಯ್ಯ: ಕಂಟ್ರಾಕ್ಟರಿಗೆ.

(ವ್ಯಾನ್ ನಿಲ್ಲುತ್ತದೆ. ಕಂಡಕ್ಟರ್ ಹುಡುಗ ಬಾಗಿಲು ಎಳೆದು ಶಾಲೆಯ ಯೂನಿಫಾರಂ ತೊಟ್ಟ ಮೂವರನ್ನು ಒಳಗೆ ತಳ್ಳುತ್ತಾನೆ.)

ಸುಮಾ: ಈ ದೇಶ ಎಷ್ಟುದ್ದ ಗೊತ್ತಾ? 34 ಕಿಲೋಮೀಟರು. ಅಗಲ 23. ಒಟ್ಟು ಸುಮಾರು 430 ಚದರ ಕಿಲೋಮೀಟರ್. ಮೊಬೈಲ್ ತೆಗೀರಿ, 2 ಲಕ್ಷ 80 ಸಾವಿರಾನ 430ರಿಂದ ಭಾಗಿಸಿ.

ಶ್ರೀಕಂಠಯ್ಯ: ಮೊಬೈಲ್ ಜೇಬಲ್ಲಿದೆ, ಜೇಬು ಅಜ್ಜಿಯ ಕೆಳಗಿದೆ. ನೀನೇ ಹೇಳು.

ಸುಮಾ: 650. ಒಂದು ಚದರ ಕಿಲೋಮೀಟರಿಗೆ 650 ಜನ. 2011ರ ಜನಗಣತಿಯಲ್ಲಿ ಕರ್ನಾಟಕದ್ದು 319. ಅಂದ್ರೆ ನೀವು ಖಾಲಿ ಅಂತ ಹುಡುಕ್ಕೊಂಡು ಬಂದಿರೋ ಜಾಗ ಕರ್ನಾಟಕದ ಎರಡರಷ್ಟು ತುಂಬಿದೆ.

ಶ್ರೀಕಂಠಯ್ಯ: ಕ್ಯಾಲ್ಕುಲೇಟರ್ ಕೆಟ್ಟಿದೆ.

ಸುಮಾ: ಅದು ಯಾಕೆ ಕೆಡತ್ತೆ ಮಾವ?

ಶ್ರೀಕಂಠಯ್ಯ: ಬಳಸೋರು ಜಾಸ್ತಿಯಾಗಿ. ಜನಸಂಖ್ಯೆ! ಅದೇನೇ ಇರಲಿ, ಸಾಂದ್ರತೆ ಗೀಂದ್ರತೆ ನನಗೆ ಬೇಡ. ಕ್ರಿಕೆಟ್ ನೋಡು. ವೊರೆಲ್, ವೀಕ್ಸ್, ವಾಲ್ಕಾಟ್, ಮೂರು ಡಬ್ಲ್ಯುಗಳು. ಮೂವರೂ ಒಂದೂವರೆ ವರ್ಷದ ಅಂತರದಲ್ಲಿ ಇದೇ ದ್ವೀಪದಲ್ಲಿ ಹುಟ್ಟಿದೋರು. ಆಮೇಲೆ ಸೋಬರ್ಸ್, ಹಾಲ್, ಮಾರ್ಷಲ್, ಗಾರ್ನರ್, ಹೇನ್ಸ್, ಗ್ರೀನಿಜ್. ಜನ ಕಡಿಮೆ ಇದ್ರೆ ಒಬ್ಬೊಬ್ಬರ ಕಡೆಗೂ ಗಮನ. ನಮ್ಮಲ್ಲಿ ನೂರ ನಲವತ್ತು ಕೋಟಿ ಜನ, ಹನ್ನೊಂದು ಸ್ಥಾನ. ಎಷ್ಟು ಗೋಜಲು!

ಸುಮಾ: ಆ ಮೂವರು ಹುಟ್ಟಿದ್ದು 1924ರಿಂದ 1926ರೊಳಗೆ. ಆಗ ಇಲ್ಲಿದ್ದದ್ದು ಸುಮಾರು ಒಂದೂವರೆ ಲಕ್ಷ ಜನ. ಆಗಲೂ 2011ರ ಕರ್ನಾಟಕಕ್ಕಿಂತ ಒತ್ತೊತ್ತಾಗೇ ಇದ್ರು. ಖಾಲಿ ಜಾಗದಲ್ಲಿ ಕ್ರಿಕೆಟ್ ಬೆಳೆಯೋದಾದ್ರೆ ಸಹರಾ ಮರುಭೂಮಿ ಟೆಸ್ಟ್ ಆಡಬೇಕಿತ್ತು.

ಶ್ರೀಕಂಠಯ್ಯ: ಸರಿ, ಈಗ ವೆಸ್ಟ್ ಇಂಡೀಸ್ ಯಾಕೆ ಸೋಲ್ತಿದೆ?

ಸುಮಾ: ಯಾಕೆ?

ಶ್ರೀಕಂಠಯ್ಯ: ಜನಸಂಖ್ಯೆ ಸಾಲದು.

ಸುಮಾ: ನಿಮ್ಮದು ಸರ್ವರೋಗಕ್ಕೂ ಒಂದೇ ಕಷಾಯ.

ಶ್ರೀಕಂಠಯ್ಯ: ಅಂದ್ಹಾಗೆ, ಕೆನ್ಸಿಂಗ್ಟನ್ ಓವಲ್ ಮುಂದೆ ನಾನು ಕೈ ಮುಗಿದದ್ದು ಫೋಟೊ ತೆಗೆದ್ಯಾ? 2024ರ ಜೂನ್ 29. ದ್ರಾವಿಡ್ ಟಿ20 ವಿಶ್ವಕಪ್ ಹಿಡಿದು ಕಿರುಚಿದ ನೆಲ ಅದು. ನಮ್ಮ ಬೆಂಗಳೂರು ಹುಡುಗ ಜನ್ಮದಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ.

ಸುಮಾ: ತೆಗೆದೆ. ಫೋಟೊದಲ್ಲಿ ನಿಮ್ಮ ಜೊತೆ ಪ್ರವಾಸಿ ಹಡಗಿಂದ ಇಳಿದ ನಲವತ್ತು ಜನಾನೂ ಬಂದಿದಾರೆ. ವರ್ಷಕ್ಕೆ ಇಲ್ಲಿರೋ ಜನಕ್ಕಿಂತ ಹೆಚ್ಚು ಪ್ರವಾಸಿಗರು ಬರ್ತಾರೆ ಮಾವ. ಅವರಿಂದಾನೇ ಈ ದೇಶದ ಒಲೆ ಉರಿಯೋದು. ಜನ ಬರಬೇಡಿ ಅಂದ್ರೆ ಮಾರನೇ ದಿನ ಅಂಗಡಿಗೆ ಬೀಗ.

(ಮತ್ತೆ ಬ್ರೇಕು. ದಢೂತಿ ಮನುಷ್ಯನೊಬ್ಬ ಒಳಬರುತ್ತಾನೆ. ಕಂಡಕ್ಟರ್ ಹಿಂದಿನ ಸೀಟಿನತ್ತ ಆಶಾದೃಷ್ಟಿ ಬೀರುತ್ತಾನೆ.)

ಶ್ರೀಕಂಠಯ್ಯ: ಬೇಡ ಅಂತ ಹೇಳೇ ಅವನಿಗೆ! ಇಲ್ಲಿ ಜಾಗ ಇಲ್ಲ!

ಸುಮಾ: ಈಗ ತಾನೆ ದೇಶವೇ ಖಾಲಿ ಅಂದ್ರಿ.

ಶ್ರೀಕಂಠಯ್ಯ: ದೇಶ ಖಾಲಿ, ವ್ಯಾನ್ ಭರ್ತಿ. ಎರಡೂ ಬೇರೆ. ಅಯ್ಯೋ, ಕೂತೇಬಿಟ್ಟ. ನನ್ನ ಎಡಗಾಲು ಯಾವುದು ಅಂತ ಈಗ ಗೊತ್ತಾಗ್ತಿಲ್ಲ.

ಸುಮಾ: ಚಿವುಟಿ ನೋಡಿ.

ಶ್ರೀಕಂಠಯ್ಯ: ಚಿವುಟಿದೆ. ಅವನು ತಿರುಗಿ ನೋಡಿದ. ಸುಮ್ನೆ ನಕ್ಕೆ. ಇಲ್ನೋಡು, ಹಿಂದಿನ ಕಾಲದಲ್ಲಿ ಇಲ್ಲಿ ನೆಮ್ಮದಿಯಾಗೇ ಇದ್ದಿರಬೇಕು. ಕಬ್ಬಿನ ಗದ್ದೆ, ಸಮುದ್ರ, ನಾಲ್ಕು ಜನ.

ಸುಮಾ: ಆ ನಾಲ್ಕು ಜನರ ಕತೆ ಕೇಳಿ. ನಮ್ಮ ಮನೆ ಓನರಮ್ಮ ಸ್ಕೂಲ್ ಮೇಡಂ ಆಗಿದ್ದೋರು, ರಿಟೈರ್ ಆದ್ಮೇಲೂ ಪಾಠ ನಿಲ್ಲಿಸಿಲ್ಲ, ಅವರೇ ಹೇಳಿದ್ದು. ಬ್ರಿಟಿಷರು ಇಲ್ಲಿ ಬಂದು ನೆಲೆಸಿದ್ದು 1627ರಲ್ಲಿ. ಆಮೇಲೆ ಕಬ್ಬು, ಕಬ್ಬಿಗಾಗಿ ಆಫ್ರಿಕಾದಿಂದ ಗುಲಾಮರು. ಇವತ್ತು ಇಲ್ಲಿರೋ ನೂರಕ್ಕೆ ತೊಂಬತ್ತು ಜನ ಅವರ ಮಕ್ಕಳು, ಮರಿಮಕ್ಕಳು. 1834ರಲ್ಲಿ ಗುಲಾಮಗಿರಿ ಹೋಯ್ತು ಅಂದ್ರು, ಆಮೇಲೂ ನಾಲ್ಕು ವರ್ಷ ಅಪ್ರೆಂಟಿಸ್ ಅಂತ ಹೆಸರಿಟ್ಟು ಬಿಟ್ಟಿ ದುಡಿಸಿಕೊಂಡ್ರು. ಸರಿ, 1838ಕ್ಕೆ ನಿಜವಾಗಿ ಬಿಡುಗಡೆ. ಆಗ ಟ್ರಿನಿಡಾಡಿಗೆ, ಗಯಾನಾಗೆ ನಮ್ಮ ದೇಶದಿಂದ ಹಡಗುಗಟ್ಟಲೆ ಕೂಲಿಗಳನ್ನ ಕರಾರು ಬರೆಸ್ಕೊಂಡು ಸಾಗಿಸಿದ್ರು. ಇಲ್ಲಿಗೆ ಹಾಗೆ ತರಲೇ ಇಲ್ಲ. ಯಾಕೆ?

ಶ್ರೀಕಂಠಯ್ಯ: ಜನಸಂಖ್ಯೆ?

ಸುಮಾ: ಛೆ, ಈ ಸಲ ಸರಿಯಾಗೇ ಹೇಳ್ಬಿಟ್ರಿ.

ಶ್ರೀಕಂಠಯ್ಯ: (ಬೆಚ್ಚಿ) ಹೌದಾ?

ಸುಮಾ: ಟ್ರಿನಿಡಾಡಲ್ಲಿ ಖಾಲಿ ಜಮೀನಿತ್ತು. ಬಿಡುಗಡೆಯಾದೋರು ಧಣಿಗೆ ನಮಸ್ಕಾರ ಹೊಡೆದು ತಮ್ಮ ಪಾಡಿಗೆ ಹೋಗಬಹುದಿತ್ತು. ಇಲ್ಲಿ ಇದ್ದಬದ್ದ ನೆಲವೆಲ್ಲ ತೋಟದ ಯಜಮಾನರದ್ದು. ಹೋಗೋದೆಲ್ಲಿಗೆ, ಸಮುದ್ರಕ್ಕಾ? ಅದೇ ತೋಟದಲ್ಲಿ, ಕೊಟ್ಟಷ್ಟು ಕೂಲಿಗೆ ನಿಂತ್ರು. ಯಜಮಾನರಿಗೆ ಜನ ಕಿಕ್ಕಿರಿದಿದ್ದದ್ದೇ ಭಾಗ್ಯ. ಜನ ಹೆಚ್ಚೋ ಕಡಿಮೆಯೋ ಅನ್ನೋದಕ್ಕಿಂತ ಮುಂಚೆ, ನೆಲ ಯಾರ ಕೈಲಿದೆ ಅಂತ ಕೇಳಬೇಕು ಮಾವ. ಆ ವಿಡಿಯೊ ಮಾಡಿದೋನು ಅದನ್ನ ಯಾವತ್ತೂ ಕೇಳಲ್ಲ. ಬಸ್ಸಲ್ಲಿ ನೂಕುನುಗ್ಗಲಾದ್ರೆ ಬಸ್ಸು ಯಾಕೆ ಕಡಿಮೆ ಅಂತ ಕೇಳಲ್ಲ, ಪಕ್ಕದೋನು ಯಾಕೆ ಹುಟ್ಟಿದ ಅಂತ ಕೇಳ್ತಾನೆ.

ಶ್ರೀಕಂಠಯ್ಯ: ಭಾಷಣ ಚೆನ್ನಾಗಿದೆ. ಆದ್ರೂ ಪಕ್ಕದೋನು ಯಾಕೆ ಹುಟ್ಟಿದ ಅಂತ ನನಗೂ ಈಗ ಅನ್ನಿಸ್ತಿದೆ. ಮೊಣಕೈ ನೋಡು, ಗುದ್ದಲಿ ಇದ್ದಹಾಗಿದೆ.

ಸುಮಾ: ಇನ್ನೂ ಇದೆ. ನಿಮ್ಮ ಆಸೆಯಂತೆ ಇಲ್ಲಿ ಜನ ಕಡಿಮೆ ಆದದ್ದೂ ಉಂಟು. 1891ರಲ್ಲಿ ಒಂದು ಲಕ್ಷ 80 ಸಾವಿರದ ಮೇಲಿದ್ದೋರು 1921ಕ್ಕೆ ಒಂದು ಲಕ್ಷ 60 ಸಾವಿರದ ಕೆಳಗಿಳಿದ್ರು.

ಶ್ರೀಕಂಠಯ್ಯ: ಭೇಷ್! ಕುಟುಂಬ ಯೋಜನೆ!

ಸುಮಾ: ಪನಾಮಾ ಕಾಲುವೆ. ಅಮೆರಿಕದೋರು 1904ರಲ್ಲಿ ಅಗೆಯೋಕೆ ಹಿಡಿದ್ರು, 1914ಕ್ಕೆ ಮುಗಿಸಿದ್ರು. ಇಲ್ಲಿಂದ ಕರಾರಿನ ಮೇಲೆ ಹೋದೋರೇ ಸುಮಾರು 20 ಸಾವಿರ ಗಂಡಸರು, ತಾವೇ ಟಿಕೆಟ್ ತಗೊಂಡು ಹೋದೋರು ಬೇರೆ. ಮಣ್ಣು ಕುಸಿದು, ಸಿಡಿಮದ್ದು ಸಿಡಿದು, ಜ್ವರ ಬಂದು ಎಷ್ಟೋ ಜನ ಅಲ್ಲೇ ಮಣ್ಣಾದ್ರು. ಇಲ್ಲಿ ಸ್ವಲ್ಪ ಸುಖ ಬಂದಿದ್ರೆ ಅದು ಅವರು ಕಳಿಸಿದ ದುಡ್ಡಿಂದ. ಆ ದುಡ್ಡಲ್ಲೇ ಕೆಲವರು ತೋಟದ ತುಂಡು ನೆಲ ಕೊಂಡ್ರು. ಉಳಿದವರ ಕಷ್ಟ ಹಾಗೇ ಇತ್ತು. 1937ರಲ್ಲಿ ಇದೇ ಬ್ರಿಡ್ಜ್‌ಟೌನಲ್ಲಿ ದಂಗೆ ಎದ್ದು 14 ಜನ ಸತ್ತರು.

ಶ್ರೀಕಂಠಯ್ಯ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಆಮೇಲೆ?

ಸುಮಾ: ಆಮೇಲೆ ಲಂಡನ್. 1956ರಲ್ಲಿ ಲಂಡನ್ನಿನ ಸಾರಿಗೆ ಸಂಸ್ಥೆಯೋರು ಇಲ್ಲಿಗೇ ಬಂದು ಕಂಡಕ್ಟರುಗಳನ್ನ ಆರಿಸಿ ಕರ್ಕೊಂಡು ಹೋದ್ರು. ನರ್ಸುಗಳೂ ಹೋದ್ರು.

ಶ್ರೀಕಂಠಯ್ಯ: ಒಳ್ಳೇ ಕಂಡಕ್ಟರುಗಳೆಲ್ಲ ಲಂಡನ್ನಿಗೆ ಹೋದ್ರಾ? ಅದಕ್ಕೇ ಇಲ್ಲಿ ಈ ಹುಡುಗ ಉಳ್ಕೊಂಡಿದಾನೆ. ಹೋಗ್ಲಿ, ಈಗ ಮಕ್ಕಳು ಕಡಿಮೆ ತಾನೆ? ಅದಾದ್ರೂ ಒಪ್ಕೋ.

ಸುಮಾ: ಒಪ್ಕೊಂಡೆ. 1950ರ ದಶಕದಲ್ಲೇ ಇಲ್ಲಿ ಕುಟುಂಬ ಯೋಜನೆ ಶುರುವಾಯ್ತು. ಹೆಣ್ಮಕ್ಕಳು ಓದಿದ್ರು, ಕೆಲಸಕ್ಕೆ ಹೋದ್ರು. ನಾಲ್ಕು ದಶಕದಿಂದ ಒಬ್ಬ ತಾಯಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ. ಈಗ ಆರು ಜನರಲ್ಲಿ ಒಬ್ಬರಿಗೆ 65 ದಾಟಿದೆ. ಜೇಮ್ಸ್ ಸಿಸ್ನೆಟ್ ಅಂತ ಒಬ್ಬರು 1900ರಲ್ಲಿ ಹುಟ್ಟಿ 2013ರವರೆಗೆ ಬದುಕಿದ್ರು, 113 ವರ್ಷ.

ಶ್ರೀಕಂಠಯ್ಯ: ನೂರ ಹದಿಮೂರು! ಪಿಂಚಣಿ ಕೊಟ್ಟೋರ ಗತಿ?

ಸುಮಾ: ಅದೇ ತಲೆನೋವು. ಪಿಂಚಣಿ ವಯಸ್ಸು 67ಕ್ಕೆ ಏರಿಸಿದಾರೆ, ಮುಂದೆ 68. ದುಡಿಯೋರು ಕಡಿಮೆ, ಕೂತು ತಗೊಳ್ಳೋರು ಹೆಚ್ಚು. ನೀವು ಯಾವ ವಯಸ್ಸಿಗೆ ರಿಟೈರ್ ಆದ್ರಿ?

ಶ್ರೀಕಂಠಯ್ಯ: ಐವತ್ತೆಂಟು. (ಗಾಬರಿಯಾಗಿ) ಅರವತ್ತೆಂಟಾ? ಇನ್ನೂ ಹತ್ತು ವರ್ಷ ಸೇತುವೆ ಕಟ್ಟಬೇಕಿತ್ತಾ?

ಸುಮಾ: ದೇವರು ದೊಡ್ಡವನು, ನಮ್ಮ ಜಿಲ್ಲೆ ಉಳೀತು. ಕೇಳಿ, ಬ್ರಿಟನ್ನಿಗೆ ನರ್ಸುಗಳನ್ನ ಕಳಿಸಿದ ಇದೇ ದೇಶ 2020ರಲ್ಲಿ ಘಾನಾದಿಂದ 95 ನರ್ಸುಗಳನ್ನ ಕರೆಸ್ಕೊಂಡಿತು. ಬೇರೆ ದೇಶದ ಕೆಲಸಾನ ಇಲ್ಲಿ ಕೂತು ಮಾಡೋ ನಮ್ಮಂಥೋರಿಗೆ ವೆಲ್ಕಂ ಸ್ಟ್ಯಾಂಪ್ ಅಂತ ಒಂದು ವರ್ಷದ ವೀಸಾ ಮಾಡಿದ್ದೂ ಅದೇ ವರ್ಷ. ವರ್ಷಕ್ಕೆ 50 ಸಾವಿರ ಅಮೆರಿಕನ್ ಡಾಲರ್ ಸಂಪಾದನೆ ಇರಬೇಕು, 2 ಸಾವಿರ ಡಾಲರ್ ಶುಲ್ಕ. ಬನ್ನಿ, ಕೂತ್ಕೊಳ್ಳಿ, ಖರ್ಚು ಮಾಡಿ ಅಂತ. ಪ್ರಧಾನಿ ಮಿಯಾ ಮೋಟ್ಲಿ ಇನ್ನೂ ಜನ ಬೇಕು ಅಂತ ಬಾಯಿಬಿಟ್ಟು ಹೇಳ್ತಿದಾರೆ. 2025ರ ಅಕ್ಟೋಬರಿನಿಂದ ಬೆಲೀಜ್, ಡೊಮಿನಿಕಾ, ಸೇಂಟ್ ವಿನ್ಸೆಂಟ್‌ನೋರು ಯಾವ ಪರವಾನಗಿಯೂ ಇಲ್ಲದೆ ಇಲ್ಲಿ ಬಂದು ಇರಬಹುದು, ದುಡೀಬಹುದು.

ಶ್ರೀಕಂಠಯ್ಯ: ಹುಚ್ಚಾ ಇವರಿಗೆ? ಇರೋ ಸುಖಾನ ಕೈಯಾರೆ ಕಳ್ಕೊಳ್ತಿದಾರಲ್ಲ! ನಮ್ಮಲ್ಲಿ ಹೀಗಾಗಬಾರದು. ನಮ್ಮಲ್ಲಿ ಕಾನೂನು ಬರಬೇಕು. ಎರಡು. ಮೂರನೇದು ಆದ್ರೆ ರೇಷನ್ ಕಾರ್ಡು ಕಟ್!

ಸುಮಾ: ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಎಷ್ಟು ಮಕ್ಕಳು ಗೊತ್ತಾ?

ಶ್ರೀಕಂಠಯ್ಯ: ನಾಲ್ಕಾದ್ರೂ ಇರಬೇಕು. ಬಸ್ ಸ್ಟ್ಯಾಂಡಲ್ಲಿ ನೋಡಿದ್ರೆ ಐದು.

ಸುಮಾ: 1.7. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹೆಚ್ಚುಕಡಿಮೆ ಬಾರ್ಬಡೋಸಿನಷ್ಟೇ. ಯಾವ ಕಾನೂನೂ ಇಲ್ಲದೆ.

ಶ್ರೀಕಂಠಯ್ಯ: 1.7? ಅದು ಹೇಗೆ? ಆ ಪಾಯಿಂಟ್ ಏಳು ಮಗು ಯಾರ ಮನೇದು?

ಸುಮಾ: ನಿಮ್ಮ ಒಡಹುಟ್ಟಿದೋರು ಎಷ್ಟು ಜನ ಮಾವ?

ಶ್ರೀಕಂಠಯ್ಯ: ಏಳು. ನಿಮ್ಮಮ್ಮ ಐದನೇದು, ನಾನು ಆರನೇದು. ಆಗಿನ ಕಾಲ ಬೇರೆ.

ಸುಮಾ: ತಾತ ನಿಮ್ಮ ಕಾನೂನಿಗೆ ತಲೆಬಾಗಿದ್ರೆ ಈ ವ್ಯಾನಲ್ಲಿ ಎರಡು ಸೀಟು ಖಾಲಿ ಇರ್ತಿತ್ತು.

ಶ್ರೀಕಂಠಯ್ಯ: ಸೀಟಿನ ಮಾತು ಬಿಡು. ಮುಖ್ಯ ವಿಷಯಕ್ಕೆ ಬರ್ತೀನಿ, ನಿಮ್ಮಮ್ಮ ಅದಕ್ಕೇ ನನ್ನ ಕಳಿಸಿದ್ದು. ನಿನಗೆ ಮೂವತ್ತೆರಡಾಯ್ತು. ಹಾಸನದ ಕಡೆ ಒಂದು ಸಂಬಂಧ ಇದೆ. ಮದುವೆ ಮಾಡ್ಕೊಂಡು ಬೇಗ ಬೇಗ ಒಂದೆರಡು...

ಸುಮಾ: ಒಂದೆರಡು ಏನು?

ಶ್ರೀಕಂಠಯ್ಯ: ಏನಿಲ್ಲ. ಮನೆ ತುಂಬಿರಬೇಕು ಅಷ್ಟೆ.

ಸುಮಾ: ದೇಶ ಖಾಲಿ ಇರಬೇಕು, ಮನೆ ತುಂಬಿರಬೇಕು.

ಶ್ರೀಕಂಠಯ್ಯ: ನಮ್ಮ ಮನೇ ಮಕ್ಕಳು ಜನಸಂಖ್ಯೆ ಅಲ್ಲ ಕಣೇ, ಮಕ್ಕಳು! ಜನಸಂಖ್ಯೆ ಅಂದ್ರೆ... ಬೇರೆಯೋರು.

ಸುಮಾ: ಈ ವ್ಯಾನಲ್ಲಿ ಬೇರೆಯೋರು ಯಾರು ಅಂತ ಒಂದ್ಸಲ ಸುತ್ತ ನೋಡಿ.

(ಎಲ್ಲರೂ ಶ್ರೀಕಂಠಯ್ಯನವರನ್ನೇ ನೋಡುತ್ತಿದ್ದಾರೆ. ವ್ಯಾನ್ ಮತ್ತೆ ನಿಂತು ಇನ್ನೊಬ್ಬಳು ಹತ್ತುತ್ತಾಳೆ, ಕಂಕುಳಲ್ಲಿ ಕೂಸು. ಕಂಡಕ್ಟರ್ ಕೂಸನ್ನು ಎತ್ತಿ ತಂದು ಶ್ರೀಕಂಠಯ್ಯನವರ ಮಡಿಲಲ್ಲಿ ಕೂರಿಸುತ್ತಾನೆ.)

ಶ್ರೀಕಂಠಯ್ಯ: ಏಯ್, ಏಯ್! ಇದೇನೇ ಇದು? ...ಅಯ್ಯೋ, ನಗ್ತಿದೆ. ಏನಪ್ಪಾ ರಾಜ, ನಿನಗೂ ಓಯ್ಸ್ಟಿನ್ಸಿಗೇ ಹೋಗಬೇಕಾ? ಕನ್ನಡಕ ಕೊಡಲ್ಲ. ಕೊಡಲ್ಲ ಅಂದೆ. ಸರಿ, ತಗೋ. ಸುಮಾ, ಇಳಿಯೋ ತನಕ ಇವನು ನನ್ನ ಹತ್ರಾನೇ ಇರಲಿ.

(ಅಷ್ಟರಲ್ಲಿ ಅಜ್ಜಿ ಬಗ್ಗಿ ಸುಮಾಳ ಕಿವಿಯಲ್ಲಿ ಏನೋ ಕೇಳುತ್ತಾಳೆ. ಸುಮಾ ಜೋರಾಗಿ ನಗುತ್ತಾಳೆ.)

ಶ್ರೀಕಂಠಯ್ಯ: ಏನಂತೆ?

ಸುಮಾ: ನನಗೆ ಮದುವೆ ಆಗಿದೆಯಾ ಅಂತ ಕೇಳಿದ್ರು. ಅವರ ಮೊಮ್ಮಗ ಇದಾನಂತೆ, ಅಕೌಂಟೆಂಟು. ದ್ವೀಪದಲ್ಲಿ ಮಕ್ಕಳ ಸದ್ದೇ ಇಲ್ಲ, ನಿಮ್ಮೋರು ಒಬ್ಬರಾದ್ರೂ ಇಲ್ಲೇ ಉಳೀರಿ ಅಂತಿದಾರೆ.

ಶ್ರೀಕಂಠಯ್ಯ: (ಅಜ್ಜಿಗೆ ನಮಸ್ಕಾರ ಮಾಡಲು ಕೈ ಹುಡುಕುತ್ತ) ಹುಡುಗ ಎಲ್ಲಿದಾನಂತೆ?

ಸುಮಾ: ಟೊರಾಂಟೊದಲ್ಲಿ. ಎಲ್ಲರ ಮೊಮ್ಮಕ್ಕಳೂ ಅಲ್ಲೇ ತಾನೆ ಇರೋದು.

ಶ್ರೀಕಂಠಯ್ಯ: ಇರಲಿ, ಇರಲಿ. ಒಂದೇ ಮಾತು ಕೇಳು ಸಾಕು. ಮೀನು ಬಿಡ್ತಾನಂತಾ?