ಮೂರೂಕಾಲು ಅಡಿ

ಬೆಳಿಗ್ಗೆ ಒಗ್ಗರಣೆಗೆ ಕರಿಬೇವು ಕೀಳೋಣ ಅಂತ ಹಿತ್ತಲಿಗೆ ಹೋದರೆ ಕಾಂಪೌಂಡಿನ ಆಚೆ ಮೇಷ್ಟ್ರು ಬಗ್ಗಿಕೊಂಡು ಏನೋ ಮಾಡುತ್ತಿದ್ದರು. ಇಣುಕಿ ನೋಡಿದೆ. ಅಳತೆ ಟೇಪಿನ ಒಂದು ತುದಿಯ ಮೇಲೆ ಇಟ್ಟಿಗೆ ಹೇರಿಟ್ಟು, ಇನ್ನೊಂದು ತುದಿ ಹಿಡಿದು ಒಬ್ಬರೇ ಹಿಂದೆ ಹಿಂದೆ ನಡೆಯುತ್ತಿದ್ದರು.

“ಏನು ಮೇಷ್ಟ್ರೇ, ಅಳತೆ ಶುರುವಾಯ್ತಾ?”

“ಹೂಂ ಕಣಮ್ಮ. ಆಷಾಢ ಕಳೀಲಿ ಅಂತ ಕಾಯ್ತಿದ್ವಿ. ನಾಳೆ ಬೆಳಿಗ್ಗೆ ಮೇಸ್ತ್ರಿ ಬಂದು ಸುಣ್ಣದ ಗೆರೆ ಎಳೀತೀನಿ ಅಂದಿದ್ದಾನೆ. ಅಷ್ಟರಲ್ಲಿ ನಾನೇ ಒಂದು ಸಲ ನೋಡ್ಕೊಳ್ಳೋಣ ಅಂತ.”

ಮೇಷ್ಟ್ರದು ಹಳೇ ಒಂದಂತಸ್ತಿನ ಮನೆ. ಹಿಂದುಗಡೆ ಒಗೆಯೋ ಕಲ್ಲು, ದಾಸವಾಳ, ಒಂದು ಸೀಬೆಗಿಡ. ಅದನ್ನು ಕೆಡವಿ ಹೊಸದು ಕಟ್ಟಬೇಕು ಅನ್ನುವ ಮಾತು ಎರಡು ವರ್ಷದಿಂದ ನಡೀತಾ ಇತ್ತು. ಇಬ್ಬರು ಗಂಡುಮಕ್ಕಳಿಗೆ ಒಂದೊಂದು ಮಹಡಿ, ತಮಗೆ ಕೆಳಗೆ, ಮೇಲಿನದು ಬಾಡಿಗೆಗೆ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಟೇಪಿನ ತುದಿ ಎಲ್ಲಿ ಬಂದು ನಿಂತಿದೆ ಅಂತ ನೋಡಿದೆ. ನಮ್ಮಿಬ್ಬರ ನಡುವಿನ ಕಾಂಪೌಂಡಿಗೆ ಅಂಟಿಕೊಂಡೇ ಇತ್ತು.

“ಈ ಕಡೆ ಜಾಗ ಬಿಡಲ್ವಾ ಮೇಷ್ಟ್ರೇ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಜೇಬಿನಿಂದ ಮಡಿಚಿದ ಹಾಳೆ ತೆಗೆದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಯಾವ ಮಾತನ್ನೂ ಅಂಕಿ ಇಲ್ಲದೆ ಆಡೋದಿಲ್ಲ.

“ನೀನೇ ಹೇಳಮ್ಮ. 30ಕ್ಕೆ 40ರ ಸೈಟು, 1200 ಚದರಡಿ. ಸುತ್ತ ಒಂದೊಂದು ಮೀಟರು ಸೆಟ್‌ಬ್ಯಾಕ್ ಅಂದ್ರೆ ಮೂರೂಕಾಲು ಅಡಿ. ಎರಡೂ ಕಡೆ ಸೇರಿ ಆರೂವರೆ. ಉಳಿಯೋದು ಇಪ್ಪತ್ಮೂರೂವರೆಗೆ ಮೂವತ್ಮೂರೂವರೆ. ಅಲ್ಲಿಗೆ 790 ಚದರಡಿಯೂ ಇಲ್ಲ. ಮೂರನೇ ಒಂದು ಭಾಗ ಗಾಳಿಗೆ ಹೋಯ್ತು! ಅದರ ಮೇಲೆ ಎಫ್‌ಎಆರ್ ಬೇರೆ. 1.75 ಅಂದ್ರೆ ಎಲ್ಲ ಮಹಡಿ ಸೇರಿ ಸೈಟಿನ ಒಂದೂಮುಕ್ಕಾಲು ಪಟ್ಟು, 2100 ಚದರಡಿ. ಮೂರು ಮಹಡಿ ಕೂಡ ಪೂರ್ತಿ ಬರಲ್ಲ. ಮೇಸ್ತ್ರಿ ಹೇಳ್ತಾನೆ, ಗೋಡೆಗೆ ಗೋಡೆ ಸೇರಿಸಿ ನಾಲ್ಕು ಎಬ್ಬಿಸಿದ್ರೆ 4800 ಆಗುತ್ತೆ, ಬೀದೀಲಿ ಎಲ್ರೂ ಹಾಗೇ ಮಾಡಿಲ್ವಾ ಅಂತ. ಪಿಎಫ್ ದುಡ್ಡು ಹಾಕಿ ತಗೊಂಡ ಜಾಗ ಕಣಮ್ಮ.”

ಹಳೇ ಅಂಕಿಗಳ ಪ್ರಕಾರ ಅವರ ಲೆಕ್ಕ ಸರಿಯಾಗಿಯೇ ಇತ್ತು. 2007ರಲ್ಲಿ ಒಪ್ಪಿಗೆಯಾದ, 2015ನೇ ಇಸವಿಗೆಂದು ಮಾಡಿದ ಮಾಸ್ಟರ್ ಪ್ಲಾನಿನ ಅಂಕಿಗಳನ್ನೇ ಹಿಡಿದುಕೊಂಡು, 2015 ದಾಟಿದ ಮೇಲೂ ಬೆಂಗಳೂರು ವರ್ಷಗಟ್ಟಲೆ ಮನೆ ಕಟ್ಟಿದೆ. ಅಷ್ಟರಲ್ಲಿ ಸೈಟಿನ ಬೆಲೆ ಎಲ್ಲಿಂದ ಎಲ್ಲಿಗೋ ಹೋಗಿದೆ. ಪಿಂಚಣಿಯಲ್ಲಿ ಬದುಕುವ ಮನುಷ್ಯನಿಗೆ ಒಂದು ಮಹಡಿಯ ಬಾಡಿಗೆ ಅಂದರೆ ಔಷಧಿ, ದಿನಸಿ, ಹಬ್ಬ ಎಲ್ಲವೂ. ಇದನ್ನು ದುರಾಸೆ ಅನ್ನೋಕೆ ನನಗೆ ಬಾಯಿ ಬರೋದಿಲ್ಲ.

“ಮೇಷ್ಟ್ರೇ, ಒಂದು ನಿಮಿಷ ನಮ್ಮ ಅಡುಗೆಮನೆಗೆ ಬನ್ನಿ” ಅಂದೆ. ಗೇಟು ಸುತ್ತಿಕೊಂಡು ಬಂದರು.

ನಮ್ಮ ಅಡುಗೆಮನೆ ಇರೋದು ಮನೆಯ ಇನ್ನೊಂದು ಪಕ್ಕಕ್ಕೆ. ಎಂಟು ವರ್ಷದ ಹಿಂದೆ ಆ ಕಡೆಯವರು ಕಾಂಪೌಂಡಿನ ಮೇಲೇ ನಾಲ್ಕು ಮಹಡಿ ಎತ್ತಿದರು. ಅಲ್ಲಿಯವರೆಗೆ ಕಿಟಕಿಯಿಂದ ಸಂಜೆಯ ಬಿಸಿಲು ಬಂದು ಒಲೆಯ ಕಟ್ಟೆ ಮೇಲೆ ಬೀಳುತ್ತಿತ್ತು. ಈಗ ಕಿಟಕಿ ತೆಗೆದರೆ ಕಾಣೋದು ಗಾರೆ ಕಾಣದ ಸಿಮೆಂಟ್ ಬ್ಲಾಕಿನ ಗೋಡೆ. ಗಾರೆ ಯಾಕಿಲ್ಲ ಅಂದರೆ, ಸಾರ್ವೆ ಕಟ್ಟಿ ಆಳು ನಿಲ್ಲೋದಕ್ಕೆ ಅಲ್ಲಿ ಜಾಗವೇ ಇಲ್ಲ. ಮಳೆ ಬಂದರೆ ಆ ಬೋಳು ಗೋಡೆ ನೀರು ಕುಡಿಯುತ್ತದೆ. ಒಳಗಡೆ ಅವರ ಮಲಗುವ ಕೋಣೆ ಬೂಷ್ಟು ಹಿಡಿಯುತ್ತದೆ. ನಮಗೆ ಬೆಳಕು ಹೋಯಿತು, ಅವರ ಗೋಡೆ ಹೋಯಿತು. ಪಾಲಿಕೆ ಕಚೇರಿಗೆ ದೂರು ಕೊಟ್ಟೆವು. ಒಬ್ಬರು ಬಂದು ಅಳೆದುಕೊಂಡು ಹೋದರು. ಅಷ್ಟರಲ್ಲಿ ನಾಲ್ಕನೇ ಮೋಲ್ಡೂ ಬಿದ್ದಿತ್ತು. ಆ ಮನೆಯವರ ಜೊತೆ ಅವತ್ತಿನಿಂದ ಮಾತಿಲ್ಲ. ಆ ಬೇಸರ ನನಗೆ ಬೆಳಕು ಹೋದದ್ದಕ್ಕಿಂತ ದೊಡ್ಡದು.

ಮಧ್ಯಾಹ್ನ ಹನ್ನೆರಡಕ್ಕೂ ಉರಿಯುವ ಟ್ಯೂಬ್‌ಲೈಟನ್ನು ಮೇಷ್ಟ್ರು ನೋಡಿದರು. ಕಾಫಿ ಲೋಟ ಕೈಗೆ ಕೊಟ್ಟೆ.

“ನಮ್ಮ ತಂದೆ ಮನೆ ಚಿಕ್ಕಪೇಟೆ ಹಿಂದೆ ಇತ್ತು ಕಣಮ್ಮ,” ಅಂದರು. “ಅಲ್ಲಿ ಗೋಡೆಗೆ ಗೋಡೆ ಸೇರಿಯೇ ಇತ್ತು. ಸೆಟ್‌ಬ್ಯಾಕ್ ಅನ್ನೋ ಮಾತೇ ಗೊತ್ತಿರಲಿಲ್ಲ. ನಾವೆಲ್ಲ ಅಲ್ಲೇ ಬೆಳೆದ್ವಲ್ಲ?”

“ತೊಟ್ಟಿ ಇತ್ತಲ್ಲ ಮೇಷ್ಟ್ರೇ?”

“ಇತ್ತು. ಮಳೆ ಬಂದ್ರೆ ತೊಟ್ಟಿಗೇ ಬೀಳೋದು. ನಮ್ಮಜ್ಜಿ ಅಲ್ಲೇ ಕೂತು ಅಕ್ಕಿ ಆರಿಸೋರು...” ಅಂತ ಅಂದವರು ಅಲ್ಲಿಗೇ ನಿಲ್ಲಿಸಿದರು.

ಹಳೇ ಪೇಟೆಯ ಮನೆಗಳು ಅಕ್ಕಪಕ್ಕ ಒತ್ತಿಕೊಂಡಿದ್ದವು, ನಿಜ. ಆದರೆ ಮನೆಯ ನಟ್ಟನಡುವೆ ಆಕಾಶಕ್ಕೆ ಜಾಗ ಬಿಟ್ಟಿದ್ದರು. ಆಮೇಲೆ 1898ರಲ್ಲಿ ಊರಿಗೆ ಪ್ಲೇಗು ಬಂತು. ಕಿಕ್ಕಿರಿದ ಪೇಟೆಯ ಜನಕ್ಕೆ ಗಾಳಿ, ಬೆಳಕು ಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಎದ್ದವು. ನೇರ ರಸ್ತೆ, ಮನೆ ಸುತ್ತ ಜಾಗ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಒಳಗಿದ್ದ ಬಯಲು ಹೊರಗೆ ಬಂತು, ಅಷ್ಟೇ. ಮನೆ ಅಂದರೆ ಬಯಲು ಒಳಗಾದರೂ ಇರಬೇಕು, ಹೊರಗಾದರೂ ಇರಬೇಕು. ಈಗ ನಾವು ಕಟ್ಟುತ್ತಿರುವ ಮನೆಗೆ ಒಳಗೆ ತೊಟ್ಟಿ ಇಲ್ಲ, ಹೊರಗೆ ಸೆಟ್‌ಬ್ಯಾಕ್ ಇಲ್ಲ. ಪ್ಲಾನಿನಲ್ಲಿ ಓಟಿಎಸ್ (ಆಕಾಶಕ್ಕೆ ತೆರೆದ ಜಾಗ) ಅಂತ ಬರೆದ ಮೂರಡಿ ಚೌಕಕ್ಕೂ ಆಮೇಲೆ ಶೀಟು ಹೊದಿಸಿ ವಾಷಿಂಗ್ ಮಷಿನ್ ಇಡುತ್ತೇವೆ.

“ವಾಸ್ತು ನೋಡಿಸಿದ್ದೀರಾ?” ಅಂತ ಕೇಳಿದೆ.

“ನೋಡಿಸದೇ ಇರ್ತೀವಾ? ಈಶಾನ್ಯದಲ್ಲಿ ಸಂಪು, ಅಲ್ಲಿ ಭಾರ ಇರಬಾರ್ದು ಅಂತ ನಾಲ್ಕಡಿ ಬಿಟ್ಟಿದ್ದೀವಿ.”

“ಈಶಾನ್ಯಕ್ಕೆ ಬಿಟ್ಟ ಜಾಗ ನಷ್ಟ ಅಂತ ನಿಮಗೆ ಅನ್ನಿಸಲಿಲ್ಲ. ಮನೆಗೆ ಒಳ್ಳೇದಾಗುತ್ತೆ ಅಂತ ಮನಸಾರೆ ಬಿಟ್ರಿ. ನನ್ನ ಕಡೆ ಬಿಡೋದನ್ನೂ ಹಾಗೇ ಅಂದ್ಕೊಳ್ಳಿ ಮೇಷ್ಟ್ರೇ. ಮಳೆ ನೀರು ಇಳಿಯೋಕೆ ಜಾಗ ಬೇಡ್ವಾ?”

ನೀರಿನ ಮಾತಿಗೆ ಅವರೇ ಹಾಳೆಯ ಹಿಂಬದಿಯಲ್ಲಿ ಗುಣಿಸಿದರು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 1200 ಚದರಡಿ ಸೈಟಿನ ಮೇಲೆ ಬೀಳೋದು ಒಂದು ಲಕ್ಷ ಲೀಟರಿಗೂ ಹೆಚ್ಚು. ಹೊಸದಾಗಿ ಕಟ್ಟುವ 30-40 ಸೈಟಿನ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ ಅಂತ 2009ರಿಂದಲೇ ಕಾನೂನಿದೆ. ಆ ಇಂಗುಗುಂಡಿ ಎಲ್ಲಿ ತೋಡೋದು? ಗೋಡೆಯಿಂದ ಗೋಡೆಗೆ ಟೈಲ್ಸು ಹಾಕಿದರೆ ಆ ಲಕ್ಷ ಲೀಟರೂ ಬೀದಿಗೆ, ಬೀದಿಯಿಂದ ತಗ್ಗಿನ ಮನೆಯ ಒಳಗೆ. 2024ರ ಬೇಸಿಗೆಯಲ್ಲಿ ಬೋರು ಬತ್ತಿ, ಇದೇ ಬೀದಿಯಲ್ಲಿ ಟ್ಯಾಂಕರಿಗೆ ಬಿಂದಿಗೆ ಹಿಡಿದು ನಾವೇ ನಿಂತಿದ್ದೆವು.

“ನಾನೊಬ್ಬ ಬಿಟ್ರೆ ಏನಾಗುತ್ತೆ? ತಪ್ಪು ಮಾಡಿದೋರೆಲ್ಲ ಆರಾಮಾಗಿದ್ದಾರೆ. ಸಕ್ರಮ ಮಾಡ್ತಾರೆ ಬಿಡು” ಅಂದರು ಮೇಷ್ಟ್ರು.

ಈ ಮಾತು ನನಗೆ ತುಂಬಾ ನೋವು ಕೊಡುತ್ತದೆ. ಅಕ್ರಮ ಸಕ್ರಮಕ್ಕೆ 2007ರಲ್ಲೇ ಕಾನೂನು ತಿದ್ದಿದರು. ವಾಸದ ಮನೆಗೆ ಅರ್ಧದಷ್ಟು ಉಲ್ಲಂಘನೆಯನ್ನೂ ದಂಡ ಕಟ್ಟಿಸಿಕೊಂಡು ಮನ್ನಿಸುವ ಯೋಜನೆ ಅದು. ಹೈಕೋರ್ಟು ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಇಷ್ಟು ವರ್ಷ ಆ ಆಸೆಯಲ್ಲೇ ಜನ ಕಟ್ಟುತ್ತಾ ಬಂದರು. ಜಾಗ ಬಿಟ್ಟು ಕಟ್ಟಿದವನಿಗೆ ಈ ಊರು ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಓಸಿ (ಸ್ವಾಧೀನಾನುಭವ ಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಬೇಡ ಅಂದಾಗ ಎಷ್ಟೋ ಜನ ಹೊಸ ಮನೆ ಮುಂದೆ ತಲೆ ಮೇಲೆ ಕೈ ಹೊತ್ತು ಕೂತರು. ಸಣ್ಣವರ ಕಷ್ಟ ನೋಡಿ 2025ರಲ್ಲಿ ಸರ್ಕಾರ, 1200 ಚದರಡಿವರೆಗಿನ ಸೈಟಿನ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ಆ ಸಣ್ಣವರಿಗೆ ಉಸಿರು ಬಂತು, ನನಗೂ ಸಮಾಧಾನವೇ. ಆದರೆ ವಿನಾಯಿತಿ ಸಿಕ್ಕಿದ್ದು ಕಾಗದಕ್ಕೆ. ಗಾಳಿ, ಬೆಳಕಿಗೆ ಯಾವ ಸರ್ಕಾರವೂ ವಿನಾಯಿತಿ ಕೊಡೋಕಾಗಲ್ಲ.

ಬೆಳಕಿಗೂ ಒಂದು ಕಾನೂನಿದೆ ಅಂತ ಮೇಷ್ಟ್ರೇ ನೆನಪು ಮಾಡಿದರು. 1882ರ ಅನುಭೋಗದ ಹಕ್ಕುಗಳ ಕಾಯ್ದೆ. ಒಂದು ಕಿಟಕಿಯಿಂದ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಬೆಳಕು ಬಂದಿದ್ದರೆ ಅದು ಆ ಮನೆಯ ಹಕ್ಕಾಗಬಹುದು. ಆದರೆ ಬೆಳಕನ್ನು ಕೋರ್ಟಿಗೆ ಹೋಗಿ ತರಬೇಕಾದ ನೆರೆಹೊರೆ ಯಾರಿಗೆ ಬೇಕು?

“ಇನ್ನೊಂದು ಮಾತು ಮೇಷ್ಟ್ರೇ. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಮಳೆಯಲ್ಲಿ ಕುಸಿದಾಗ ಸತ್ತವರು ಕೂಲಿಗೆ ಬಂದ ಬಡಪಾಯಿಗಳು. ಎರಡು ಮಹಡಿಗೆ ಅಂತ ಹಾಕಿದ ಪಾಯದ ಮೇಲೆ ನಾಲ್ಕು ಎತ್ತಬೇಡಿ. ಇನ್ನು ನನ್ನ ಗೋಡೆಗೆ ಸೇರಿಸಿ ನೀವು ಗುಂಡಿ ತೋಡಿದ್ರೆ, ನಮ್ಮದು ಕಲ್ಲು ಪಾಯ, ಅದು ತಡೆಯುತ್ತಾ?”

ಅದಕ್ಕೆ ಅವರು ಮಾತಾಡಲಿಲ್ಲ.

ನಾನು ನಿಯಮದ ಪುಸ್ತಕದ ಪರ ಅಂತ ಅಲ್ಲ. 20-30ರ ಸೈಟಿಗೂ ಸುತ್ತ ಮೂರೂಕಾಲು ಅಡಿ ಬಿಡಿಸಿದರೆ ಹತ್ತಿರ ಹತ್ತಿರ ಅರ್ಧ ಜಾಗವೇ ಹೋಗುತ್ತದೆ. ಹಾಗಾಗಿಯೇ ಸಣ್ಣ ಸೈಟಿಗೆ ಅಳತೆ ಸಡಿಲ ಇರಬೇಕು, ಇದೆ ಕೂಡ. ಪ್ಲಾನ್ ಸ್ಯಾಂಕ್ಷನ್‌ಗೆ ಅಲೆದಾಟ ಕಡಿಮೆಯಾಗಬೇಕು. ಪಾಯ ತೋಡುವ ದಿನವೇ ಯಾರಾದರೂ ಬಂದು ಗೆರೆ ನೋಡಬೇಕು. ಮೋಲ್ಡು ಬಿದ್ದ ಮೇಲೆ ಬಂದು ಒಡೀತೀವಿ ಅಂತ ಹೆದರಿಸಿದರೆ ಯಾರಿಗೆ ಉಪಕಾರ? ಇಷ್ಟೆಲ್ಲ ಸರಿಹೋದರೂ ಕೊನೆಗೆ ಗೆರೆ ಎಳೆಯೋದು ಪಕ್ಕದ ಮನೆಯವರ ಮುಖ ನೆನಪಿಟ್ಟುಕೊಳ್ಳುವ ಮನುಷ್ಯನೇ.

ನಮ್ಮ ಮಾವ ಈ ಮನೆ ಕಟ್ಟುವಾಗ ಮೇಷ್ಟ್ರ ಕಡೆಗೆ ಮೂರೂಕಾಲು ಅಡಿ ಬಿಟ್ಟಿದ್ದರು. ಕರಿಬೇವಿನ ಗಿಡ ಇರುವುದು ಅಲ್ಲೇ. ಮೇಷ್ಟ್ರ ಪಡಸಾಲೆಗೆ ಇಷ್ಟು ವರ್ಷ ಗಾಳಿ ಬಂದದ್ದೂ ಅಲ್ಲಿಂದಲೇ. ಅದನ್ನು ಹೇಳಿದೆ. “ನೀವೂ ಅಷ್ಟು ಬಿಟ್ರೆ ಆರೂವರೆ ಅಡಿ ಆಗುತ್ತೆ. ನಿಮ್ಮ ಲೆಕ್ಕದಲ್ಲಿ ಕಳೆದದ್ದು ಮೂರೂಕಾಲು, ಸಿಕ್ಕಿದ್ದು ಆರೂವರೆ.”

ಮೇಷ್ಟ್ರು ಲೋಟ ಕೆಳಗಿಟ್ಟರು. ಹಾಳೆ ಬಿಡಿಸಿ, ಮತ್ತೆ ಮಡಿಚಿ ಜೇಬಿಗೆ ಹಾಕಿಕೊಂಡರು. “ಒಂದು ರೂಮು ಕಮ್ಮಿ ಆಗುತ್ತೆ. ದೊಡ್ಡ ಮಗನ ಹತ್ರ ಮಾತಾಡ್ಬೇಕು,” ಅಂದರು. ಗೇಟಿನ ತನಕ ಹೋದವರು ತಿರುಗಿ ನಿಂತರು.

“ನಾಳೆ ಆರೂವರೆಗೆ ಮೇಸ್ತ್ರಿ ಬರ್ತಾನೆ. ಇಟ್ಟಿಗೆ ಇಟ್ರೆ ಟೇಪು ಜಾರುತ್ತೆ ಕಣಮ್ಮ.”

“ನಾನು ಬಂದು ಹಿಡ್ಕೊಳ್ತೀನಿ ಮೇಷ್ಟ್ರೇ” ಅಂದೆ.